ಬಿಟ್ಟದ್ದು ಎಲ್ಲಿಗೆ ಹೋಯಿತು?

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕೊಯ್ಲು ಮುಗಿದು ಕಸಿ ಕೆಲಸ, ಅಂದರೆ ಗಿಡ ಸವರುವ ಕೆಲಸ, ಹಿಡಿಯುವ ಹೊತ್ತಿಗೆ ಕ್ರೈಸ್ತರ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಬಂದಿರುತ್ತದೆ. ಅಲ್ಲಿಂದ ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ದಿನದವರೆಗೆ 46 ದಿನ. ಆರು ಭಾನುವಾರ ಕಳೆದರೆ ತಪಸ್ಸುಕಾಲದ 40. ಕಥೋಲಿಕರಿಗೆ ಕಡ್ಡಾಯ ಉಪವಾಸ ವಿಭೂತಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ. ಒಂದು ಹೊತ್ತು ಪೂರ್ತಿ ಊಟ. ಉಳಿದೆರಡು ಹೊತ್ತಿನದು ಸೇರಿದರೂ ಒಂದು ಊಟದಷ್ಟಾಗಬಾರದು. 18 ತುಂಬಿದವರಿಗೆ, 60ನೇ ವರ್ಷಕ್ಕೆ ಕಾಲಿಡುವವರೆಗೆ ಈ ನಿಯಮ. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ಇಲ್ಲ.

ಜನ ಎಡವುವುದು ನಿಯಮದಲ್ಲಲ್ಲ. ಮಾಂಸ ಬಿಡಬೇಕಾದ ಶುಕ್ರವಾರ ಕೋಳಿ ಬಿಟ್ಟು ಅಂಜಲ್ ಮೀನಿನ ಫ್ರೈ ತಿಂದರೆ ನಿಯಮವೇನೂ ಮುರಿಯಲಿಲ್ಲ, ಆದರೆ ಬಿಟ್ಟದ್ದಾದರೂ ಏನು? ಇನ್ನು ಕೆಲವರದು ನೇರ ವ್ಯಾಪಾರ: ‘ನಲವತ್ತು ದಿನ ಕುಡಿಯಲ್ಲ, ಮೆಣಸಿಗೆ ಒಳ್ಳೆ ರೇಟು ಕೊಡು ಸ್ವಾಮಿ.’

ಫಿಲಿಪ್ಪಿಯರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಪೌಲರ ಲೆಕ್ಕ ಬೇರೆ. ಯೆಹೂದ್ಯರಾಗಿ ತಮಗಿದ್ದ ಎಂಟನೇ ದಿನದ ಸುನ್ನತಿ, ಬೆನ್ಯಮೀನನ ಕುಲ, ಫರಿಸಾಯರೆಂಬ ಕಟ್ಟುನಿಟ್ಟಿನ ಪಂಗಡದ ಶಿಸ್ತು, ಧರ್ಮಶಾಸ್ತ್ರದಲ್ಲಿ ತಪ್ಪಿಲ್ಲದ ನಡತೆ, ನಾಲ್ಕು ಜನ ತಲೆಬಾಗುವಂಥವನ್ನೇ ಎಣಿಸಿ ನಷ್ಟದ ಕಡೆ ಬರೆಯುತ್ತಾರೆ, ಕಸ ಎಂದೂ ಅನ್ನುತ್ತಾರೆ. ಲಾಭದ ಕಡೆ ಇರುವುದು ಕ್ರಿಸ್ತ ಒಬ್ಬನೇ. ಒಂದು ಬಿಟ್ಟು ಹತ್ತು ಪಡೆಯುವ ಮಾತು ಅಲ್ಲಿಲ್ಲ.

ಕಸಿ ಮಾಡಿಸುವವರಿಗೆ ಇದು ಬೇಗ ಹತ್ತುತ್ತದೆ. ಫಸಲು ಕೊಟ್ಟು ಸೋತ ರೆಕ್ಕೆ (ಅಡ್ಡ ಕೊಂಬೆ), ಒಣಕಲು, ಒಂದಕ್ಕೊಂದು ಹೆಣೆದುಕೊಂಡದ್ದು ಎಲ್ಲ ತೆಗೆದು ಗಿಡದ ನಡುವೆ ಅರ್ಧ ಅಡಿಯಷ್ಟು ಬಿಡಿಸಿ ಬೆಳಕು ಬಿಡಬೇಕು. ಕತ್ತರಿ ಮೊಂಡಾಗಿದ್ದರೆ ಸಿಪ್ಪೆ ಸೀಳುತ್ತದೆ. ಕತ್ತರಿಸಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಬೆಳಕು ಬಿದ್ದ ಕಾಂಡದಲ್ಲಿ ಕಂಬಚಿಗುರು, ಅಂದರೆ ನೆಟ್ಟಗೆ ಮೇಲಕ್ಕೆ ಹೋಗುವ ಚಿಗುರು, ಏಳುತ್ತದೆ; ಎಳೆಯದಿರುವಾಗಲೇ ಮುರಿಯದಿದ್ದರೆ ಉಳಿಸಿದ ಸಾರವೆಲ್ಲ ಅದರ ಪಾಲು. ಮುಂದಿನ ವರ್ಷ ಕಾಯಿ ಕಟ್ಟಬೇಕಾದ ರೆಕ್ಕೆ ಹಾಗೇ ಬಡಕಲಾಗಿ ಉಳಿಯುತ್ತದೆ. ಹಣ್ಣು ಬಿಡುವ ಕೊಂಬೆಯನ್ನೇ ತಂದೆ ಸವರುತ್ತಾನೆ ಎಂಬ ಯೋಹಾನ 15:2 ಓದುವಾಗ ಈ ಎರಡನೇ ಕೆಲಸವನ್ನು ಎಷ್ಟೋ ಜನ ಮರೆಯುತ್ತಾರೆ.

ಆದ್ದರಿಂದ ಬಿಟ್ಟದ್ದರ ಬೆಲೆಯನ್ನು ಆ ದಿನವೇ ಡಬ್ಬಿಗೆ ಹಾಕಿ. ತಿಂಗಳ ಕೊನೆಗೆ ನೋಡೋಣ ಎಂದರೆ ಅದು ಪೆಟ್ರೋಲಿಗೋ ರೀಚಾರ್ಜಿಗೋ ಹೋಗಿರುತ್ತದೆ. ಕೆಲಸ ಕಡಿಮೆಯಾದ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಲ್ಲಿ, ಯಾರ ಒಲೆ ಸರಿಯಾಗಿ ಉರಿಯುತ್ತಿಲ್ಲ ಎಂದು ವಿಚಾರಿಸಿ, ಹೆಸರು ಹೇಳಿಕೊಳ್ಳದೆ ಕೊಡಿ. ಪೌಲರ ಲಾಭದ ಕಡೆ ಇದ್ದ ಕ್ರಿಸ್ತ ಸಿಗುವ ವಿಳಾಸ ಮತ್ತಾಯ 25:40ರಲ್ಲಿದೆ: ಈ ಅಲ್ಪರಲ್ಲಿ ಒಬ್ಬನಿಗೆ ಮಾಡಿದ್ದು ನನಗೇ ಮಾಡಿದ್ದು.

ಒಂದು ಎಚ್ಚರ. ಪೌಲರು ಕಸ ಎಂದದ್ದು ತಮ್ಮದನ್ನು. ಸಾವಾದ ಮನೆಗೆ ಹೋಗಿ ‘ಇದರಲ್ಲೂ ಏನೋ ಒಳ್ಳೆಯದಿದೆ’ ಎನ್ನುವ ಅಧಿಕಾರ ಆ ವಾಕ್ಯದಿಂದ ಯಾರಿಗೂ ಬರುವುದಿಲ್ಲ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸಲಿದ್ದ ಯೇಸುವೇ ಮೊದಲು ಅತ್ತ. ಅಂಥ ಮನೆಗೆ ಬೇಕಾದ್ದು ದಿನಸಿ, ಮಕ್ಕಳ ಶಾಲೆ ಫೀಸು. ಡಬ್ಬಿಯ ದುಡ್ಡು ಮೊದಲು ಅಲ್ಲಿಗೆ ಹೋಗಲಿ.