ಚಿಲಿಕಾ ದಡದಲ್ಲಿ ಮಗಳ ಪರೇಡ್: ಹೊರಡುವ ತಂದೆತಾಯಿಗಳಿಗೆ ಒಂದಿಷ್ಟು ಮಾತು

“ಅಪ್ಪಾ, ಆಧಾರ್ ಕಾರ್ಡಿನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆದು ಕಳಿಸು. ಒಂದಕ್ಷರವೂ ಬದಲಾಗಬಾರದು.”

ನೌಕಾಪಡೆಯ ತರಬೇತಿ ಮುಗಿಸಿ ಹೊರಬರುವ ಪರೇಡಿನ ದಿನಾಂಕ ಗೊತ್ತಾದ ಭಾನುವಾರ ಮಗಳು ಫೋನಿನಲ್ಲಿ ಮೊದಲು ಹೇಳಿದ ಮಾತು ಇದು. ಹೇಗಿದ್ದೀರಿ, ಅಜ್ಜಿಯ ಮೊಣಕಾಲು ನೋವು ಹೇಗಿದೆ ಎಂಬುದೆಲ್ಲ ಆಮೇಲೆ ಬಂತು. ವಾರಕ್ಕೆ ಸಿಗುತ್ತಿದ್ದದ್ದು ಕೆಲವೇ ನಿಮಿಷ. ಅಷ್ಟರೊಳಗೆ ಮುಖ್ಯವಾದದ್ದನ್ನು ಮೊದಲು ಹೇಳಿ ಮುಗಿಸುವುದನ್ನು ಅವಳು ಅಲ್ಲಿ ಕಲಿತಿದ್ದಳು. ಹಾಗಾಗಿ ನಾನೂ ಕಾಗದಪತ್ರದಿಂದಲೇ ಶುರುಮಾಡುತ್ತೇನೆ.

ನನ್ನ ಹೆಂಡತಿಯ ಆಧಾರ್‌ನಲ್ಲಿ ತವರುಮನೆಯ ಅಡ್ಡಹೆಸರು ಉಳಿದುಕೊಂಡಿತ್ತು, ಮಗಳ ದಾಖಲೆಗಳಲ್ಲಿ ತಾಯಿಯ ಹೆಸರಿನ ಮುಂದೆ ನಮ್ಮ ಮನೆತನದ ಹೆಸರಿತ್ತು. ಮನೆಯಲ್ಲಿ ಇಪ್ಪತ್ತು ವರ್ಷ ಯಾರಿಗೂ ತೊಡಕಾಗದ ಸಂಗತಿ. ಆದರೆ ನೌಕಾನೆಲೆಯ ಬಾಗಿಲಲ್ಲಿ ಪಟ್ಟಿಯ ಹೆಸರು ಮತ್ತು ಕೈಯಲ್ಲಿರುವ ಗುರುತಿನ ಚೀಟಿ ತಾಳೆಯಾಗಬೇಕು. ನಾವು ತಿಂಗಳು ಮೊದಲೇ ತಿದ್ದಿಸಿಕೊಂಡೆವು. ನೀವೂ ದಿನಾಂಕ ಬರುವವರೆಗೆ ಕಾಯಬೇಡಿ, ಮಗು ತರಬೇತಿಗೆ ಹೊರಟ ವಾರವೇ ಮನೆಯವರೆಲ್ಲರ ಕಾರ್ಡುಗಳನ್ನು ಒಮ್ಮೆ ತೆಗೆದು ನೋಡಿ. ಎಷ್ಟು ಜನರಿಗೆ ಅವಕಾಶ ಎಂಬುದೂ ಸೂಚನೆಯಲ್ಲಿರುತ್ತದೆ. ಸೋದರಮಾವ, ದೊಡ್ಡಪ್ಪ ಎಲ್ಲರೂ ಆಸೆಪಡುತ್ತಾರೆ, ಅವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಪರೇಡನ್ನು ನೌಕಾಪಡೆಯವರು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುವುದುಂಟು. ನಮ್ಮ ಬೀಗರ ಮನೆಯಲ್ಲಿ ಹದಿನೈದು ಜನ ಒಟ್ಟಿಗೆ ಕುಳಿತು ನೋಡಿದರಂತೆ.

ಹೊಸಬರಿಗಾಗಿ ನಾಲ್ಕು ಮಾತು. ಐಎನ್‌ಎಸ್ ಚಿಲ್ಕಾ ಇರುವುದು ಒಡಿಶಾದ ಖೋರ್ಧಾ ಜಿಲ್ಲೆಯಲ್ಲಿ, ಚಿಲಿಕಾ ಸರೋವರದ ದಡದಲ್ಲಿ. 1980ರಿಂದ ನೌಕಾಪಡೆಯ ನಾವಿಕರ ಮೊದಲ ಪಾಠಶಾಲೆ ಅದು. ಅಗ್ನಿಪಥ ಯೋಜನೆ 2022ರ ಜೂನ್‌ನಲ್ಲಿ ಘೋಷಣೆಯಾದ ಮೇಲೆ ನೌಕಾಪಡೆಯ ಅಗ್ನಿವೀರರಿಗೆ ಮೊದಲ 16 ವಾರಗಳ ತರಬೇತಿ ಇಲ್ಲಿಯೇ ನಡೆಯುತ್ತಿದೆ. ಮೊದಲ ತಂಡ 2023ರ ಮಾರ್ಚ್ 28ರಂದು ಹೊರಬಂತು, ಅದರಲ್ಲಿ 273 ಹೆಣ್ಣುಮಕ್ಕಳಿದ್ದರು. ಅದಕ್ಕಿಂತ ಮೊದಲು ನಮ್ಮ ನೌಕಾಪಡೆಯಲ್ಲಿ ಮಹಿಳೆಯರು ಅಧಿಕಾರಿಗಳಾಗಿದ್ದರೇ ಹೊರತು ನಾವಿಕರಾಗಿರಲಿಲ್ಲ. ಆ ದಿನದ ಪರೇಡ್ ಸೂರ್ಯಾಸ್ತದ ನಂತರ ನಡೆಯಿತು. ನಮ್ಮ ಮಗಳ ತಂಡದ್ದೂ ಸಂಜೆಯೇ. ಪ್ರಯಾಣದ ಲೆಕ್ಕಾಚಾರವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ: ಪರೇಡ್ ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಅದೇ ರಾತ್ರಿಯ ರೈಲಿಗೆ ಟಿಕೆಟ್ ತೆಗೆದವರು ಮಗಳ ಮುಖ ನೋಡುವ ಬದಲು ಗಡಿಯಾರ ನೋಡುತ್ತ ನಿಂತದ್ದನ್ನು ನಾನು ಕಂಡಿದ್ದೇನೆ. ದಯವಿಟ್ಟು ಮರುದಿನಕ್ಕೇ ಟಿಕೆಟ್ ಮಾಡಿಸಿ.

ನಾವು ಗದಗದವರು. ನಮ್ಮ ಭಾಗದವರಿಗೆ ಅನುಕೂಲವಾದದ್ದು ವಾಸ್ಕೋದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮಾರ್ಗವಾಗಿ ಹೋಗುವ ಅಮರಾವತಿ ಎಕ್ಸ್‌ಪ್ರೆಸ್. ವಿಜಯವಾಡ, ವಿಶಾಖಪಟ್ಟಣ ದಾಟಿ ಬ್ರಹ್ಮಪುರಕ್ಕೆ ಬರುತ್ತದೆ. ಒಂದು ರಾತ್ರಿ ರೈಲಿನಲ್ಲಿ ಕಳೆಯಬೇಕು. ಅದು ಪ್ರತಿದಿನ ಓಡುವ ಗಾಡಿಯಲ್ಲ, ವಾರದ ಯಾವ ದಿನ ಎಂದು ನೋಡಿಕೊಂಡೇ ರಜೆ ಹಾಕಿ. ಬೆಂಗಳೂರು ಕಡೆಯವರಿಗೆ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ಇದೆ. ವಿಮಾನದಲ್ಲಿ ಹೋಗುವವರು ಭುವನೇಶ್ವರದಲ್ಲಿ ಇಳಿದು ರಾಷ್ಟ್ರೀಯ ಹೆದ್ದಾರಿ 16ರಲ್ಲಿ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ಬರಬೇಕು. ನೆಲೆಗೆ ಹತ್ತಿರದ ಪೇಟೆ ಬಾಲುಗಾಂವ್. ನಿಮ್ಮ ರೈಲು ಅಲ್ಲಿ ನಿಲ್ಲದಿದ್ದರೆ ದಕ್ಷಿಣದ ಬ್ರಹ್ಮಪುರದಲ್ಲೋ ಉತ್ತರದ ಖುರ್ದಾ ರೋಡ್ ಜಂಕ್ಷನ್‌ನಲ್ಲೋ ಇಳಿಯಬಹುದು. ಬಾಲುಗಾಂವ್ ಇವೆರಡರ ಹೆಚ್ಚುಕಡಿಮೆ ನಡುವೆ ಇದೆ.

ಬ್ರಹ್ಮಪುರದಲ್ಲಿ ಇಳಿದದ್ದು ನಮಗೆ ಒಳ್ಳೆಯದೇ ಆಯಿತು. ಆ ಗಂಜಾಂ ಜಿಲ್ಲೆಯಲ್ಲಿ ತೆಲುಗು ಬಲ್ಲವರು ಬಹಳ. ನನ್ನ ಹೆಂಡತಿ ಬಳ್ಳಾರಿಯವಳು, ಆಟೋದವನ ಜೊತೆ ತೆಲುಗಿನಲ್ಲಿ ಮಾತಾಡಿ ಬಾಡಿಗೆ ಕುದುರಿಸಿದಳು. ನನ್ನ ಹರಕು ಹಿಂದಿಯ ಅಗತ್ಯವೇ ಬೀಳಲಿಲ್ಲ.

ಪರೇಡಿನ ಹಿಂದಿನ ದಿನವೇ ಅಲ್ಲಿರಬೇಕು, ಸಾಧ್ಯವಾದರೆ ಅದಕ್ಕೂ ಒಂದು ದಿನ ಮೊದಲು. ಪೂರ್ವ ಕರಾವಳಿಯ ರೈಲುಮಾರ್ಗದಲ್ಲಿ ಗಾಡಿಗಳು ತಡವಾಗುವುದು ಅಪರೂಪವಲ್ಲ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಹೋಗುವವರಾದರೆ ಚಂಡಮಾರುತದ ಕಾಲ ಎಂಬುದು ನೆನಪಿರಲಿ. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಬಂದು ಅಪ್ಪಳಿಸಿದ್ದು ಇಲ್ಲಿಯೇ, ಗೋಪಾಲಪುರದ ಬಳಿ.

ಇನ್ನು ತಂಗುವ ಜಾಗ. ಒಂದೇ ದಿನ ಸಾವಿರಾರು ಮಕ್ಕಳ ತರಬೇತಿ ಮುಗಿಯುತ್ತದೆ, ಅವರ ಮನೆಯವರೆಲ್ಲ ಒಂದೇ ಸಣ್ಣ ಪೇಟೆಗೆ ಬರುತ್ತಾರೆ. ಬಾಲುಗಾಂವ್‌ನ ವಸತಿಗೃಹಗಳು ಬೇಗ ತುಂಬಿಹೋಗುತ್ತವೆ. ಹತ್ತಿರದ ಬರ್ಕುಲ್‌ನಲ್ಲಿ ಮತ್ತು ರಂಭಾದಲ್ಲಿ ಒಡಿಶಾ ಪ್ರವಾಸೋದ್ಯಮ ನಿಗಮದ ಪಾಂಥನಿವಾಸಗಳಿವೆ, ಅಲ್ಲಿಯೂ ವಿಚಾರಿಸಿ. ಸಿಗದಿದ್ದರೆ ಬ್ರಹ್ಮಪುರದಲ್ಲಿ ಉಳಿದು ಕಾರು ಮಾಡಿಕೊಂಡು ಬರಬಹುದು. ದಿನಾಂಕ ಹಿಂದೆಮುಂದೆ ಆಗುವ ಸಾಧ್ಯತೆ ಇದ್ದೇ ಇದೆ, ಆದ್ದರಿಂದ ರದ್ದು ಮಾಡಿದರೆ ಹಣ ಮರಳುವಂಥ ಕೋಣೆಯನ್ನೇ ಹಿಡಿಯಿರಿ.

ಕೋಣೆಗಿಂತ ನಾನು ಒತ್ತಿ ಹೇಳಬೇಕಾದದ್ದು ವಾಹನದ ವಿಷಯ. ಹೋಗುವಾಗ ಎಲ್ಲರಿಗೂ ಗಾಡಿ ಸಿಗುತ್ತದೆ, ಯಾಕೆಂದರೆ ಜನ ಮಧ್ಯಾಹ್ನದಿಂದ ಸಂಜೆಯವರೆಗೆ ಬಿಡಿಬಿಡಿಯಾಗಿ ಬರುತ್ತಾರೆ. ಮರಳುವಾಗ ಹಾಗಲ್ಲ. ರಾತ್ರಿ ಒಮ್ಮೆಲೇ ಎಲ್ಲರೂ ಹೊರಗೆ ಬರುತ್ತಾರೆ, ಕತ್ತಲೆ, ಕೈಯಲ್ಲಿ ಮಕ್ಕಳು, ಜೊತೆಯಲ್ಲಿ ವಯಸ್ಸಾದವರು. ನಮ್ಮ ಪಕ್ಕದ ಕೋಣೆಯಲ್ಲಿದ್ದ ರಾಜಸ್ಥಾನದ ಕುಟುಂಬ ಆ ರಾತ್ರಿ ಬಹಳ ದೂರ ನಡೆದು ಬಂತು. ಹೋಗಿ ಬರುವ ಎರಡಕ್ಕೂ ಒಬ್ಬನೇ ಚಾಲಕನನ್ನು ಗೊತ್ತುಮಾಡಿ, ಅವನು ಎಲ್ಲಿ ನಿಂತಿರುತ್ತಾನೆ ಎಂದು ಜಾಗವನ್ನು ಕಣ್ಣಾರೆ ನೋಡಿಕೊಳ್ಳಿ, ಅರ್ಧ ಹಣವನ್ನು ಮರಳಿ ಬಿಟ್ಟ ಮೇಲೆ ಕೊಡಿ. ಮೊಬೈಲ್, ಕ್ಯಾಮೆರಾ ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದು ಆ ದಿನದ ಸೂಚನೆಯಂತೆ. ಎರಡಕ್ಕೂ ಸಿದ್ಧರಾಗಿರಿ: ಚಾಲಕನ ನಂಬರು, ಗಾಡಿಯ ನಂಬರು, ವಸತಿಗೃಹದ ವಿಳಾಸ, ಮಗಳ ಹೆಸರು ಮತ್ತು ಡಿವಿಷನ್ (ತರಬೇತಿಯಲ್ಲಿ ಅವಳಿರುವ ತುಕಡಿ) ಇಷ್ಟನ್ನೂ ಒಂದು ಕಾಗದದ ಮೇಲೆ ಬರೆದು ಪ್ರತಿಯೊಬ್ಬರ ಜೇಬಿನಲ್ಲೂ ಒಂದೊಂದು ಇಡಿ. ನನ್ನ ತಾಯಿಯ ಸೆರಗಿನ ತುದಿಗೆ ಆ ಚೀಟಿಯನ್ನು ಗಂಟು ಹಾಕಿದ್ದೆವು.

ಡಿವಿಷನ್ ಎಂದೆನಲ್ಲ, ಅದು ಬಹಳ ಮುಖ್ಯ. ಮೈದಾನದಲ್ಲಿ ಎಲ್ಲರದೂ ಒಂದೇ ಬಿಳಿ ಸಮವಸ್ತ್ರ, ಒಂದೇ ಟೋಪಿ, ಒಂದೇ ಹೆಜ್ಜೆ. ದೀಪದ ಬೆಳಕಿನಲ್ಲಿ ದೂರದಿಂದ ಮುಖ ಗುರುತಾಗುವುದಿಲ್ಲ. ಯಾವ ಡಿವಿಷನ್, ಎಷ್ಟನೆಯ ಸಾಲು, ಬಲದಿಂದ ಎಷ್ಟನೆಯವಳು ಎಂದು ಕೊನೆಯ ಫೋನಿನಲ್ಲಿ ಕೇಳಿಟ್ಟುಕೊಳ್ಳಿ. ನಮ್ಮವಳು “ಮೂರನೆಯ ಸಾಲು, ಈ ಕಡೆಯಿಂದ ಐದನೆಯವಳು” ಎಂದಿದ್ದಳು. ನಾವು ಮೂವರೂ ಆ ಐದನೆಯ ಟೋಪಿಯ ಮೇಲೆ ಕಣ್ಣಿಟ್ಟು ಕುಳಿತಿದ್ದೆವು.

ಆದರೆ ಅದಕ್ಕೆ ಮೊದಲು ದೀರ್ಘವಾದ ಕಾಯುವಿಕೆ ಇದೆ. ತಪಾಸಣೆ ಮುಗಿಸಿ ಬಹಳ ಹೊತ್ತು ಮುಂಚೆಯೇ ಆಸನದಲ್ಲಿ ಕೂರಬೇಕಾಗುತ್ತದೆ. ಮಾರ್ಚ್ ತಿಂಗಳಿಗೇ ಅಲ್ಲಿ ಸೆಕೆ ಅಂಟಿಕೊಳ್ಳುತ್ತದೆ, ನಮ್ಮ ಗದಗದ ಒಣಬಿಸಿಲಿನಂತಲ್ಲ. ತೆಳುವಾದ ಹತ್ತಿ ಬಟ್ಟೆ ಉಡಿ. ಹೆಂಗಸರು ರೇಷ್ಮೆ ಸೀರೆಯ ಆಸೆ ಬಿಡುವುದು ಒಳಿತು. ಹೊತ್ತು ಮುಳುಗಿದ ಮೇಲೆ ಸರೋವರದ ಕಡೆಯಿಂದ ಗಾಳಿ ಬರುತ್ತದೆ, ಅದರ ಜೊತೆಗೆ ಸೊಳ್ಳೆಯೂ. ಹಿರಿಯರಿಗೆ ಮಾತ್ರೆಯ ಹೊತ್ತು ಯಾವುದು ಎಂದು ನೋಡಿ ಜೇಬಿನಲ್ಲೇ ಇಟ್ಟುಕೊಳ್ಳಿ.

ಆ ಕಾಯುವಿಕೆಯನ್ನು ನಾನು ಮರೆಯಲಾರೆ. ಹಿಂದಿನ ಸಾಲಿನಲ್ಲಿ ಹರಿಯಾಣದ ಒಬ್ಬ ರೈತ, ಪಕ್ಕದಲ್ಲಿ ಕೇರಳದ ಒಬ್ಬ ದಾದಿ. ಭಾಷೆ ಅಷ್ಟಕ್ಕಷ್ಟೇ ಆದರೂ ಮಾತು ಎಲ್ಲರದೂ ಒಂದೇ ಕಡೆ ಹೋಗುತ್ತಿತ್ತು. ನಾಲ್ಕು ವರ್ಷದ ಸೇವೆ, ಅದಾದ ಮೇಲೆ ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25 ಜನ. ಉಳಿದವರ ಗತಿಯೇನು? ನನ್ನೊಳಗೂ ಆ ಪ್ರಶ್ನೆ ಇತ್ತು, ಇಂದಿಗೂ ಇದೆ. ಆ ದಾದಿ ಹೇಳಿದರು, ನನ್ನ ಮಗ ನೀರಿಗೆ ಹೆದರುತ್ತಿದ್ದ, ಈಗ ಈಜುತ್ತಾನೆ ಎಂದು. ನನ್ನ ಹೆಂಡತಿಗೆ ಅದು ತಾಕಿತು. ನಮ್ಮೂರಿನಲ್ಲಿ ಬೇಸಿಗೆ ಬಂದರೆ ಕುಡಿಯುವ ನೀರಿಗೇ ಕೊಡ ಹಿಡಿದು ನಿಂತ ದಿನಗಳಿವೆ. ಅಲ್ಲಿ ಬೆಳೆದ ಹುಡುಗಿ ಮೊದಲ ಎರಡು ಈಜು ಪರೀಕ್ಷೆಗಳಲ್ಲಿ ಸೋತು, ಮೂರನೆಯದರಲ್ಲಿ ದಾಟಿದ್ದಳು. ಆ ಭಾನುವಾರ ಅವಳು ಫೋನಿನಲ್ಲಿ ಕಿರುಚಿದ್ದು ಬೀದಿಗೆಲ್ಲ ಕೇಳಿಸಿತ್ತು.

ಬ್ಯಾಂಡಿನ ಸದ್ದು ಮೊದಲು ಬಂತು, ಆಮೇಲೆ ಬಿಳಿ ಸಾಲುಗಳು ಕತ್ತಲೆಯಿಂದ ಬೆಳಕಿಗೆ ನಡೆದುಬಂದವು. ಅಷ್ಟು ಸಾವಿರ ಕಾಲುಗಳು ಒಟ್ಟಿಗೆ ನೆಲ ತಟ್ಟುವ ಸದ್ದು ಎದೆಗೇ ಬಂದು ತಟ್ಟುತ್ತದೆ. ಮುಖ್ಯ ಅತಿಥಿಗಳ ಪರಿವೀಕ್ಷಣೆ, ವಂದನೆ ಸ್ವೀಕಾರ, ಉತ್ತಮ ಪ್ರಶಿಕ್ಷಣಾರ್ಥಿಗಳಿಗೆ ಬಹುಮಾನ. ಹೆಣ್ಣುಮಕ್ಕಳಲ್ಲಿ ಮೊದಲ ಸ್ಥಾನ ಪಡೆದವಳಿಗೆ ಜನರಲ್ ಬಿಪಿನ್ ರಾವತ್ ಹೆಸರಿನ ಪಾರಿತೋಷಕವಿದೆ. ಆ ಹುಡುಗಿಯ ಹೆಸರು ಕೂಗಿದಾಗ ಎಲ್ಲೋ ಒಂದು ಮೂಲೆಯಿಂದ ಯಾರೋ ಒಬ್ಬ ತಾಯಿ ಜೋರಾಗಿ ಅತ್ತುಬಿಟ್ಟರು. ನನ್ನ ತಾಯಿ ತಮ್ಮ ಮೊಮ್ಮಗಳೇ ಗೆದ್ದಂತೆ ಕೈಮುಗಿದರು.

ಪರೇಡ್ ಮುಗಿದ ತಕ್ಷಣ ಮೈದಾನಕ್ಕೆ ನುಗ್ಗಬೇಡಿ. ಎಲ್ಲಿ ಸೇರಬೇಕು ಎಂದು ಧ್ವನಿವರ್ಧಕದಲ್ಲಿ ಹೇಳುವವರೆಗೆ ಕುಳಿತಲ್ಲೇ ಕುಳಿತಿರಿ. ನಿಮ್ಮನ್ನು ಹುಡುಕುವುದು ಮಗುವಿಗೆ ಸುಲಭ, ಮಗುವನ್ನು ಹುಡುಕುವುದು ನಿಮಗೆ ಕಷ್ಟ. ನಾವು ಮೊದಲೇ ಗುರುತು ಹೇಳಿದ್ದೆವು: ಅಜ್ಜಿಯ ಹಸಿರು ಇಳಕಲ್ ಸೀರೆ. ಅದನ್ನು ನೋಡಿಯೇ ಬಂದಳು. ಕೂದಲು ಗಿಡ್ಡವಾಗಿತ್ತು, ಮುಖ ಕಪ್ಪಾಗಿತ್ತು, ನಡಿಗೆಯೇ ಬೇರೆಯಾಗಿತ್ತು. ನಮ್ಮ ಮುಂದೆ ಬಂದು ನೆಟ್ಟಗೆ ನಿಂತಳು. ಟೋಪಿ ತೆಗೆದು ಕಂಕುಳಲ್ಲಿ ಹಿಡಿದು, ಆಮೇಲೆ ಬಾಗಿ ಅಜ್ಜಿಯ ಕಾಲು ಮುಟ್ಟಿದಳು. ನನ್ನ ಹೆಂಡತಿ ಆ ಗಿಡ್ಡ ಕೂದಲ ಮೇಲೆ ಕೈಯಾಡಿಸಿದಳು, ಏನೂ ಕೇಳಲಿಲ್ಲ.

ಆ ಹೊತ್ತಿನಲ್ಲಿ ಮಕ್ಕಳಿಗೆ ತಿನ್ನಿಸಬೇಕು, ನೂರು ಫೋಟೊ ತೆಗೆಯಬೇಕು, ಊರಿನವರಿಗೆಲ್ಲ ಫೋನ್ ಹಚ್ಚಿ ಕೊಡಬೇಕು ಅನ್ನಿಸುತ್ತದೆ. ಒಂದು ಫೋಟೊ ಸಾಕು. ಅವರು ದಿನವಿಡೀ ನಿಂತು ದಣಿದಿರುತ್ತಾರೆ, ಎಷ್ಟೋ ದಿನದಿಂದ ಹೇಳಬೇಕೆಂದಿದ್ದ ಮಾತು ಮನಸ್ಸಿನಲ್ಲಿರುತ್ತದೆ. ಕೂರಿಸಿ ಕೇಳಿ. ಹೊರಗಿನ ತಿಂಡಿಗೆ ಅನುಮತಿ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಇದ್ದರೂ ಕೆಡುವಂಥದ್ದು ಬೇಡ. ನಾವು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ದಿದ್ದೆವು. ರೈಲಿನಲ್ಲಿ ನಮಗೂ ಅದೇ ಊಟವಾಯಿತು.

ಮಗಳು ನಮ್ಮ ಜೊತೆಯಲ್ಲೇ ಊರಿಗೆ ಬರುತ್ತಾಳೆ ಎಂದುಕೊಂಡು ಅವಳಿಗೂ ಟಿಕೆಟ್ ಮಾಡಿಸಬೇಡಿ. ಮುಂದಿನ ಆಜ್ಞೆ ಏನಿದೆಯೋ ಅದರಂತೆ ಕೆಲವರು ಹಡಗಿಗೆ, ಕೆಲವರು ತಮ್ಮ ವೃತ್ತಿಯ ಶಾಲೆಗೆ ಹೋಗುತ್ತಾರೆ. ವಿದ್ಯುತ್ ವಿಭಾಗದ ಶಾಲೆ ಜಾಮನಗರದ ಐಎನ್‌ಎಸ್ ವಲ್ಸುರಾ, ಎಂಜಿನ್ ವಿಭಾಗದ್ದು ಲೋನಾವಳದ ಐಎನ್‌ಎಸ್ ಶಿವಾಜಿ. ರಜೆಯ ವಿಷಯವನ್ನು ಅವಳ ಬಾಯಿಂದಲೇ ಕೇಳಿ ನಂಬಿ, ಬೇರೆ ಪೋಷಕರ ಮಾತಿನಿಂದ ಅಲ್ಲ.

ಮರುದಿನ ರೈಲಿಗೆ ಹೊತ್ತಿದ್ದರಿಂದ ಬರ್ಕುಲ್‌ನಿಂದ ದೋಣಿಯಲ್ಲಿ ಕಾಳಿಜಾಯಿ ದ್ವೀಪಕ್ಕೆ ಹೋಗಿಬಂದೆವು. ಗಂಡನ ಮನೆಗೆ ದೋಣಿಯಲ್ಲಿ ಹೊರಟ ಜಾಯಿ ಎಂಬ ಹುಡುಗಿ ಬಿರುಗಾಳಿಗೆ ಸಿಕ್ಕು ಸರೋವರದಲ್ಲಿ ಕಾಣೆಯಾದಳು, ಅವಳೇ ಇಲ್ಲಿ ದೇವಿಯಾದಳು ಎಂದು ಕಥೆ. ಮೀನುಗಾರರು ಅವಳಿಗೆ ಹೇಳಿಯೇ ನೀರಿಗಿಳಿಯುತ್ತಾರಂತೆ. ನನ್ನ ತಾಯಿ ಅಲ್ಲಿ ಬಳೆ ಒಪ್ಪಿಸಿ ಬಹಳ ಹೊತ್ತು ನಿಂತರು. ಚಳಿಗಾಲದಲ್ಲಿ ಹೋಗುವವರಿಗೆ ಸರೋವರದೊಳಗಿನ ನಲಬಾಣ ದ್ವೀಪದ ವಲಸೆ ಹಕ್ಕಿಗಳೂ ಇವೆ. ಡಾಲ್ಫಿನ್ ನೋಡುವ ಸಾತಪಡಾ ಮಾತ್ರ ಸರೋವರದ ಇನ್ನೊಂದು ತುದಿಯಲ್ಲಿದೆ, ಈ ಪ್ರಯಾಣದಲ್ಲಿ ಅದನ್ನು ತುರುಕಲು ಹೋಗಬೇಡಿ.

ಒಂದು ಖಾಲಿ ಚೀಲ ನಿಮ್ಮ ಜೊತೆ ಇರಲಿ. ಮನೆಯಿಂದ ಒಯ್ದು ಅಲ್ಲಿ ಬೇಡವಾದ ಬಟ್ಟೆಬರೆಯನ್ನು ಮಕ್ಕಳು ವಾಪಸ್ ಕೊಡುತ್ತಾರೆ. ನಮ್ಮವಳು ಕೊಟ್ಟದ್ದರಲ್ಲಿ ನವೆಂಬರ್‌ನಲ್ಲಿ ತೊಟ್ಟು ಹೋಗಿದ್ದ ಚೂಡಿದಾರವೂ ಇತ್ತು. ನನ್ನ ಹೆಂಡತಿ ಅದನ್ನು ರೈಲಿನಲ್ಲಿ ತೊಡೆಯ ಮೇಲೆ ಹರಡಿಕೊಂಡು, ಭುಜದ ಹೊಲಿಗೆಯನ್ನು ಬೆರಳಿನಿಂದ ಅಳೆದು ನೋಡಿದಳು. ರಜೆಗೆ ಬರುವಷ್ಟರಲ್ಲಿ ಎರಡು ಬೆರಳು ಬಿಡಿಸಿ ಹೊಲಿಯಬೇಕು ಎಂದಳು.