ಹೆಚ್ಚಾದ ಒಂದು ಆವರ್ತನ

ನವೆಂಬರ್ 16, 2025, ಭಾನುವಾರ

ಮೂರು ದಿನದಿಂದ ಒಂದೇ ಹಾಡಿನ ಒಂದೇ ಚರಣದಲ್ಲಿ ಸಿಕ್ಕಿಕೊಂಡಿದ್ದೇನೆ. ಅಣ್ಣನ ಮಗ ಮಹಡಿಯ ಕೋಣೆಯಲ್ಲಿ ಕುಳಿತು ಅದಕ್ಕೆ ತಬಲಾ ನುಡಿಸಿ ರೆಕಾರ್ಡ್ ಮಾಡಿಕೊಟ್ಟು ಊರಿಗೆ ಹೋಗಿದ್ದಾನೆ. ಎರಡನೆಯ ಚರಣದ ಕೊನೆಯಲ್ಲಿ ತಾಳದ ಒಂದು ಆವರ್ತನ ಹೆಚ್ಚಾಗಿದೆ. ಕತ್ತರಿಸಿದರೆ ಹೊಲಿಗೆ ಕೇಳಿಸುತ್ತದೆ, ಬಿಟ್ಟರೆ ಹಾಡು ಮುಗ್ಗರಿಸುತ್ತದೆ. ಫೋನ್ ಮಾಡಿದರೆ, "ಯಾರಿಗೂ ಗೊತ್ತಾಗುವುದಿಲ್ಲ ಬಿಡಿ ಚಿಕ್ಕಪ್ಪಾ" ಎನ್ನುತ್ತಾನೆ. ನನಗೆ ಗೊತ್ತಾಗುತ್ತಿದೆಯಲ್ಲ!

ಬೇಸತ್ತು ಕಂಪ್ಯೂಟರ್ ಮುಚ್ಚಿ, ಅಮೆರಿಕದ ಗಾಯಕ, ರೆಕಾರ್ಡ್ ನಿರ್ಮಾಪಕ ಟಾಡ್ ರಂಡ್‌ಗ್ರೆನ್‌ನ 'ಸಮ್‌ಥಿಂಗ್/ಎನಿಥಿಂಗ್?' ಹಾಕಿಕೊಂಡೆ. 1972ರ ಜೋಡಿ ಎಲ್‌ಪಿ, ಎಂದರೆ ಎರಡು ಗ್ರಾಮಫೋನ್ ತಟ್ಟೆ. ಫಿಲಡೆಲ್ಫಿಯಾದ ಮಗ್ಗುಲಿನ ಅಪ್ಪರ್ ಡಾರ್ಬಿಯಲ್ಲಿ ಬೆಳೆದ ಈತನಿಗೆ ಆಗ 23 ವರ್ಷ. ನಾಲ್ಕು ಬದಿಗಳಲ್ಲಿ ಮೂರರಲ್ಲಿ ಎಲ್ಲ ವಾದ್ಯವೂ ಎಲ್ಲ ಕಂಠವೂ ಇವನದೇ. ಶುರು ಡ್ರಮ್ಸ್‌ನಿಂದ. ಕಿವಿಗೆ ಬೇರೇನೂ ಕೇಳಿಸದಿದ್ದರೂ ಮನಸ್ಸಿನೊಳಗೆ ಹಾಡು ಹೇಳಿಕೊಳ್ಳುತ್ತಾ ಬಾರಿಸುವುದು, ಆಮೇಲೆ ಅದರ ಮೇಲೆ ಬೇಸ್, ಪಿಯಾನೋ, ಗಿಟಾರ್ ಒಂದೊಂದಾಗಿ ಕೂರಿಸುವುದು. ನಡುವೆ ದಾರಿ ತಪ್ಪಿ ಬೇರೆಯೇ ಏನೋ ಬಾರಿಸಿದ್ದರೆ? ಡ್ರಮ್ಸ್ ತಿದ್ದುತ್ತಿರಲಿಲ್ಲ, ತಪ್ಪಿಗೆ ತಕ್ಕಂತೆ ಹಾಡನ್ನೇ ಬದಲಿಸುತ್ತಿದ್ದ. ಅದೇ ಸುಲಭ ಎನ್ನುವುದು ಅವನ ಲೆಕ್ಕ.

ಎರಡನೆಯ ಬದಿಯ ಆರಂಭದಲ್ಲಿ ಹಾಡೇ ಇಲ್ಲ, ಒಂದು ಆಟವಿದೆ. ಟೇಪಿನ ಸುಯ್ ಶಬ್ದ, ವಿದ್ಯುತ್ತಿನ ಗುಂಯ್‌ಗುಡುವಿಕೆ, ಒರಟು ಕತ್ತರಿಕೆ, 'ಪ' ಅಕ್ಷರ ಮೈಕಿಗೆ ಬಡಿದು ಸಿಡಿಯುವುದು, ಎಲ್ಲವನ್ನೂ ಮಾಡಿ ತೋರಿಸಿ, ಇನ್ನು ನಿಮ್ಮ ಮನೆಯ ರೆಕಾರ್ಡುಗಳಲ್ಲಿ ಇವನ್ನು ಹುಡುಕಿ ಎನ್ನುತ್ತಾನೆ. ನಾನು ಹುಡುಕಿದ್ದೇನೆ. ಆ ಅಭ್ಯಾಸ ಹತ್ತಿದ ಮೇಲೆ ನೆಮ್ಮದಿಯಾಗಿ ಹಾಡು ಕೇಳಿದ್ದು ಕಡಿಮೆ.

ಇದರಲ್ಲಿರುವ 'ಹಲೋ ಇಟ್ಸ್ ಮೀ' 1973ರ ಕೊನೆಗೆ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿತು. ಬೇರೆಯವನಾಗಿದ್ದರೆ ಅಂಥವೇ ಇನ್ನೊಂದು ಡಜನ್ ಹೊಸೆಯುತ್ತಿದ್ದ. ಇವನಿಗೆ ಪ್ರೇಮಗೀತೆ ಸಲೀಸಾಗಿ ಬರುತ್ತಿದ್ದದ್ದೇ ತೊಡಕಾಯಿತು. ಅಷ್ಟರಲ್ಲಾಗಲೇ 'ಎ ವಿಝರ್ಡ್, ಎ ಟ್ರೂ ಸ್ಟಾರ್' ಹೊರತಂದಿದ್ದ: ಒಂದೇ ಎಲ್‌ಪಿಯಲ್ಲಿ 55 ನಿಮಿಷ ದಾಟಿದ ಸಂಗೀತ, ಹಾಡಿನ ಬಾಲಕ್ಕೆ ಹಾಡು ಅಂಟಿಕೊಂಡು. ಅಷ್ಟು ತುಂಬಿದರೆ ಗೀರುಗಳು ಕಿರಿದಾಗಿ ಸದ್ದು ಕುಗ್ಗುತ್ತದೆ. ಮುಳ್ಳು ಸವೆದಿದ್ದರೆ ತಟ್ಟೆ ಕೂಡಲೇ ಹಾಳಾಗುತ್ತದೆ, ಸದ್ದು ಸಾಲದಿದ್ದರೆ ಟೇಪಿಗೆ ಮತ್ತೆ ರೆಕಾರ್ಡ್ ಮಾಡಿಕೊಂಡು ನೋಡಿ ಎಂದು ಕೇಳುಗನಿಗೇ ಸೂಚನೆ ಕೊಟ್ಟ. ಈ ದಾರ್ಷ್ಟ್ಯ ನನಗೆ ಇಷ್ಟ.

ಅನ್ನಕ್ಕೆ ದಾರಿ ಬೇರೆಯವರ ರೆಕಾರ್ಡುಗಳನ್ನು ನಿರ್ಮಿಸಿಕೊಡುವುದು. ಗಾಯಕ ಮೀಟ್ ಲೋಫ್‌ನ 'ಬ್ಯಾಟ್ ಔಟ್ ಆಫ್ ಹೆಲ್' (1977) ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ ಅಣಕದಂತೆ ಕಂಡು ನಗು ಬಂದದ್ದರಿಂದಲೇ ಒಪ್ಪಿಕೊಂಡನಂತೆ. ಅದು ಕೋಟಿಗಟ್ಟಲೆ ಮಾರಾಟವಾಯಿತು.

ನನಗೆ ಹತ್ತಿರದ್ದು 1986ರ 'ಸ್ಕೈಲಾರ್ಕಿಂಗ್'. ಇಂಗ್ಲೆಂಡಿನ ಎಕ್ಸ್‌ಟಿಸಿ ತಂಡ ಕಳಿಸಿದ ಹಾಡುಗಳನ್ನು ಇವನೇ ಆರಿಸಿ, ಒಂದು ದಿನದ ಚಕ್ರದಂತೆ ಜೋಡಿಸಿಟ್ಟ. ತಂಡದ ಆ್ಯಂಡಿ ಪಾರ್ಟ್ರಿಜ್ ಕಿಡಿಕಿಡಿಯಾದ. ಜಗಳದ ನಡುವೆಯೇ ಚಂದದ ರೆಕಾರ್ಡು ಹುಟ್ಟಿತು, ಆದರೆ ನಾದ ಯಾಕೋ ತೆಳು. ಎಲ್ಲೋ ಧ್ವನಿಯ ವಿದ್ಯುತ್ ಸಂಕೇತದಲ್ಲಿ ಧನ ಋಣ ಅದಲುಬದಲಾಗಿ ಧ್ರುವತೆ ತಲೆಕೆಳಗಾಗಿದೆ ಎಂದು ವರ್ಷಗಳ ಮೇಲೆ ಮಾಸ್ಟರಿಂಗ್ ಎಂಜಿನಿಯರ್ ಜಾನ್ ಡೆಂಟ್ ಪತ್ತೆಹಚ್ಚಿದರು. ಸರಿಪಡಿಸಿದ ಆವೃತ್ತಿ ಬಂದದ್ದು 2010ರಲ್ಲಿ. ದೋಷ ಹುಡುಕುವ ಆಟ ಕಲಿಸಿದವನ ಕೆಲಸದಲ್ಲೇ 24 ವರ್ಷ ಅಡಗಿ ಕುಳಿತ ದೋಷ! ಹಳೆಯದನ್ನೂ ಹೊಸದನ್ನೂ ಒಂದರ ಹಿಂದೊಂದು ಕೇಳಿದೆ. ಬೇಸ್ ತುಂಬಿಕೊಂಡಿದೆ, ನಿಜ. ಆದರೆ ಹಾಡುಗಳನ್ನು ಹಳೆಯದರಲ್ಲೇ ಪ್ರೀತಿಸಿದ್ದೆ.

ರಾತ್ರಿ ಹನ್ನೊಂದೂವರೆಗೆ ಮತ್ತೆ ಮಹಡಿ ಹತ್ತಿದೆ. ಹೆಚ್ಚಾದ ಆವರ್ತನವನ್ನು ಹಾಗೆಯೇ ಉಳಿಸಿ, ಅಲ್ಲಿ ಹಾರ್ಮೋನಿಯಂನಲ್ಲಿ ಪಲ್ಲವಿಯ ಅರ್ಧ ಸಾಲು ನುಡಿಸಿ ನೋಡಿದೆ. ಕೂತಿತು. ಹಾಡುವವರಿಗೆ ನಾಳೆ ಹೇಳಬೇಕು, ಆ ಜಾಗದಲ್ಲಿ ತಡೆದು ಶುರುಮಾಡಿ ಎಂದು. ಅಣ್ಣನ ಮಗನಿಗೆ ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.