ರಕ್ತ ಅಳಿಸಿದೆ, ಜೊತೆಗೆ ಕಥೆಯೂ ಅಳಿಸಿಹೋಯಿತು

"ಆಂಟಿ, ಅವನ ಅಣ್ಣ ಬೇರೆ ಊರಿಗೆ ಹೋಗಿದ್ದಾನೆ ಅಷ್ಟೇ ಅಲ್ವಾ? ಮತ್ತೆ ಇವನಿಗೆ ಯಾಕೆ ಇಷ್ಟೊಂದು ಸಿಟ್ಟು?"

ಕೇಳಿದ್ದು ನಮ್ಮ ಸಹೋದ್ಯೋಗಿಯೊಬ್ಬರ ಏಳು ವರ್ಷದ ಮಗಳು. ಮೂರು ವಾರ ಕೂತು ಮಾಡಿದ ಸ್ಟೋರಿಬೋರ್ಡನ್ನು (ಕಥೆಯನ್ನು ಶಾಟ್ ಶಾಟಾಗಿ ಬಿಡಿಸಿದ ಚಿತ್ರಗಳನ್ನು) ಅನಿಮ್ಯಾಟಿಕ್ ಮಾಡಿ, ಅಂದರೆ ಚಿತ್ರಗಳನ್ನು ಸಾಲಾಗಿ ಜೋಡಿಸಿ ಆಫೀಸಿನವರ ದನಿಯನ್ನೇ ಹಾಕಿ, ಮೀಟಿಂಗ್ ರೂಮಿನ ಟಿವಿಯಲ್ಲಿ ನಾಲ್ಕು ಮಕ್ಕಳಿಗೆ ತೋರಿಸುತ್ತಿದ್ದೆವು. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ಉತ್ತರವನ್ನು ನಾನೇ ಕಿತ್ತು ಹಾಕಿದ್ದೆ.

ನಾನು ಬೆಂಗಳೂರಿನಲ್ಲಿ ಸ್ಟೋರಿಬೋರ್ಡ್ ಕೆಲಸ ಮಾಡುತ್ತೇನೆ. ಹೊರದೇಶದ ಕ್ಲೈಂಟ್ ಒಬ್ಬರು, ದೊಡ್ಡವರಿಗೆಂದು ಬರೆದ ಒಂದು ಫ್ಯಾಂಟಸಿ ಕಾದಂಬರಿಯನ್ನು ಆರರಿಂದ ಒಂಬತ್ತು ವರ್ಷದ ಮಕ್ಕಳ ಕಾರ್ಟೂನ್ ಮಾಡಿಸುತ್ತಿದ್ದರು. ಕಾದಂಬರಿಯಲ್ಲಿ ಮೊದಲ ಅಧ್ಯಾಯದಲ್ಲೇ ದಾಳಿಕೋರರು ನಾಯಕನ ಅಣ್ಣನನ್ನು ಅವನ ಕಣ್ಣೆದುರೇ ಕೊಲ್ಲುತ್ತಾರೆ. ಕ್ಲೈಂಟ್ ಕೊಟ್ಟ ನೋಟ್ಸ್ ಸ್ಪಷ್ಟವಾಗಿತ್ತು. ರಕ್ತ ಬೇಡ. ಕತ್ತಿ ಮೈಗೆ ತಾಗಬಾರದು. ಕುತ್ತಿಗೆ ಹತ್ತಿರ ಆಯುಧ ತರಬಾರದು. ಅಡುಗೆಮನೆ ಚಾಕು, ಹಗ್ಗ, ಬೆಂಕಿಕಡ್ಡಿ, ಹೀಗೆ ಮನೆಯಲ್ಲಿ ಮಗುವಿನ ಕೈಗೆ ಸಿಗುವ ಯಾವುದನ್ನೂ ಆಯುಧದ ಹಾಗೆ ತೋರಿಸಬಾರದು. ಈ ಕೊನೆಯ ನಿಯಮವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಕ್ಕಳು ನೋಡಿದ್ದನ್ನು ಮಾಡಿ ನೋಡುತ್ತಾರೆ.

ನಾನು ಕೆಂಪು ಪೆನ್ನು ಹಿಡಿದು ಕೂತೆ. ಕೊಲೆ ತೆಗೆದೆ. ದಾಳಿ ತೆಗೆದೆ. ಅಣ್ಣ ದೂರದ ಊರಿಗೆ ಹೋದ ಅಂತ ಒಂದು ಡೈಲಾಗ್ ಹಾಕಿದೆ. ನೋಟ್ಸ್ ಎಲ್ಲಾ ಪಾಸ್. ಆದರೆ ಆಮೇಲಿನ ಹನ್ನೊಂದು ನಿಮಿಷ ಪೂರ್ತಿ ನಾಯಕ ಹಲ್ಲು ಕಚ್ಚಿಕೊಂಡು ಕಾಡುಮೇಡು ಅಲೆಯುತ್ತಾನೆ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮಕ್ಕಳಲ್ಲಿ ಇಬ್ಬರು ನಡುವೆಯೇ ಎದ್ದು ಹೋಗಿ ತಿರುಗುವ ಕುರ್ಚಿಯಲ್ಲಿ ಆಡತೊಡಗಿದರು.

ಸೋಮವಾರ ನಮ್ಮ ಸೀನಿಯರ್ ಬೈಯಲಿಲ್ಲ. "ಕೋನನ್ ಕಾರ್ಟೂನ್ ನೋಡಿದ್ದೀಯಾ? ನೋಡಿಕೊಂಡು ಬಾ, ಆಮೇಲೆ ಮಾತಾಡೋಣ" ಅಂದರು.

ಕೋನನ್ ಹುಟ್ಟಿದ್ದು 1932ರಲ್ಲಿ. ಟೆಕ್ಸಾಸಿನ ರಾಬರ್ಟ್ ಇ. ಹೊವರ್ಡ್ ಎಂಬ ಲೇಖಕ 'ವಿಯರ್ಡ್ ಟೇಲ್ಸ್' ಪತ್ರಿಕೆಗೆ ಬರೆದ ಕಥೆಗಳವು. ಅಲ್ಲಿನ ಕೋನನ್ ಕಳ್ಳ, ಕಡಲುಗಳ್ಳ, ಬಾಡಿಗೆ ಸೈನಿಕ, ಕೊನೆಗೆ ರಾಜ. ತಲೆಗಳು ಉರುಳುವುದಕ್ಕೆ ಲೆಕ್ಕವಿಲ್ಲ. 1982ರಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಮಾಡಿದ ಸಿನಿಮಾದಲ್ಲಂತೂ, ಪುಟ್ಟ ಹುಡುಗ ತಾಯಿಯ ಕೈ ಹಿಡಿದು ನಿಂತಿರುವಾಗಲೇ ಅವಳ ತಲೆ ಕಡಿಯುತ್ತಾರೆ, ಹುಡುಗನ ಕೈಯಿಂದ ಅವಳ ಕೈ ಜಾರುತ್ತದೆ. ಅದೇ ಕೋನನ್ 1992ರಲ್ಲಿ ಮಕ್ಕಳ ಕಾರ್ಟೂನ್ ಆದ. ಒಟ್ಟು 65 ಎಪಿಸೋಡ್. ಅಮೆರಿಕದಲ್ಲಿ ಆಗ ವಾರಕ್ಕೆ ಐದು ದಿನದಂತೆ ಹದಿಮೂರು ವಾರ ಓಡಿಸುವ ಲೆಕ್ಕಕ್ಕೆ ಸುಮಾರು ಕಾರ್ಟೂನುಗಳನ್ನು 65ಕ್ಕೇ ಮಾಡುತ್ತಿದ್ದರು.

ನಾನು ಮೊದಲು ನೋಡಿದ್ದೇ ಕೋನನ್‌ನ ಮನೆಯವರಿಗೆ ಏನಾಗುತ್ತೆ ಅಂತ. ಇಲ್ಲಿ ಅವರು ಸಾಯುವುದಿಲ್ಲ. ರಾಥ್-ಅಮನ್ ಎಂಬ ಮಾಂತ್ರಿಕ ಅವರನ್ನು ಕಲ್ಲು ಮಾಡಿಬಿಡುತ್ತಾನೆ. ಆ ಶಾಪ ಬಿಡಿಸಬೇಕು ಅನ್ನುವುದೇ ಕೋನನ್‌ನ ಅಲೆದಾಟಕ್ಕೆ ಕಾರಣ. ನಾನು ವಿಡಿಯೊ ನಿಲ್ಲಿಸಿ ಆ ಕಲ್ಲಿನ ಮುಖಗಳನ್ನು ತುಂಬಾ ಹೊತ್ತು ನೋಡಿದೆ. ಸಾವು ಮಾಡಬೇಕಾದ ಕೆಲಸವನ್ನೆಲ್ಲ ಕಲ್ಲು ಮಾಡುತ್ತಿದೆ. ಅವನಿಗೆ ಮನೆಯವರಿಲ್ಲ, ಹೊರಡಲು ಕಾರಣ ಇದೆ, ಕಾರಣ ಆರದೆ ಉಳಿಯುತ್ತದೆ. ಮೇಲಾಗಿ ಸಾವಿನಲ್ಲಿ ಇಲ್ಲದ ಒಂದು ಆಸೆಯೂ ಇದೆ.

ಇನ್ನು ಕತ್ತಿ. ಕೋನನ್ ಕೈಯಲ್ಲಿ ಕತ್ತಿ ಇಲ್ಲದಿದ್ದರೆ ಅವನು ಕೋನನ್ ಅಲ್ಲ. ಕತ್ತಿ ಇದ್ದು ಯಾರನ್ನೂ ಕಡಿಯಬಾರದು ಅಂದರೆ ಏನು ಮಾಡುವುದು? ಆಕಾಶದಿಂದ ಬಿದ್ದ ಉಲ್ಕೆಯ ಲೋಹದಿಂದ ಅದನ್ನು ಮಾಡಿಸಿದರು. ಮನುಷ್ಯರ ವೇಷದಲ್ಲಿ ಓಡಾಡುವ ಸರ್ಪಮಾನವರ ಹತ್ತಿರ ಅದು ಬಂದರೆ ಅವರ ವೇಷ ಕಳಚುತ್ತದೆ, ಅದು ತಾಗಿದರೆ ಅವರು ಬೇರೆ ಲೋಕಕ್ಕೆ ಸೆಳೆದುಹೋಗುತ್ತಾರೆ. ಕಡಿಯುವ ಕತ್ತಿ ಹೋಗಿ ಬಯಲು ಮಾಡುವ ಕತ್ತಿ ಬಂತು. ಯಾರು ಮನುಷ್ಯ, ಯಾರು ಹಾವು ಅನ್ನುವ ಕುತೂಹಲ ಪ್ರತಿ ಸೀನಿಗೂ ಸಿಕ್ಕಿತು. ನನಗೆ ಇನ್ನೂ ಇಷ್ಟವಾದ ವಿಷಯ ಅಂದರೆ, ಈ ಸರ್ಪಮಾನವರು ಕಾರ್ಟೂನಿನವರು ಹೊಸದಾಗಿ ಹುಟ್ಟಿಸಿದವರಲ್ಲ. ಹೊವರ್ಡ್ 1929ರಲ್ಲೇ ಕಲ್ ಎಂಬ ಬೇರೊಬ್ಬ ರಾಜನ ಕಥೆಯಲ್ಲಿ ಅವರನ್ನು ಬರೆದಿದ್ದ. ಅಂದರೆ ಬೇಕಾದದ್ದು ಮೂಲ ಲೇಖಕನ ಉಗ್ರಾಣದಲ್ಲೇ ಇತ್ತು.

ಎಲ್ಲಾ ಕಥೆಗೂ ಹೀಗೆ ಆಗುತ್ತಾ? ಆಗಲ್ಲ ಅಂತಲೇ ನನ್ನ ಅಭಿಪ್ರಾಯ. 1987ರ ರೋಬೋಕಾಪ್ ಸಿನಿಮಾ ಮರುವರ್ಷವೇ 12 ಎಪಿಸೋಡಿನ ಕಾರ್ಟೂನ್ ಆಯಿತು, ಗುಂಡಿನ ಬದಲು ಲೇಸರ್ ಬಂತು. ಆದರೆ ಒಬ್ಬ ಪೊಲೀಸನನ್ನು ಕ್ರೂರವಾಗಿ ಕೊಂದು, ಅವನ ದೇಹವನ್ನು ಕಂಪನಿಯೊಂದು ತನ್ನ ಸರಕು ಮಾಡಿಕೊಳ್ಳುವುದೇ ಆ ಕಥೆ. ಅದನ್ನು ಮುಟ್ಟಲಾಗದಿದ್ದರೆ ಉಳಿಯುವುದು ಕಬ್ಬಿಣದ ಅಂಗಿ ಮತ್ತು ಅಂಗಡಿಯಲ್ಲಿ ಮಾರುವ ಗೊಂಬೆ. ಅಂಥ ಪ್ರಾಜೆಕ್ಟ್ ನನ್ನ ಮುಂದೆ ಬಂದರೆ ಇದು ಮಕ್ಕಳಿಗೆ ಬೇಡ ಅಂತ ಮೊದಲ ಮೀಟಿಂಗಿನಲ್ಲೇ ಹೇಳುತ್ತೇನೆ.

ನಮ್ಮ ಕಾದಂಬರಿಗೆ ವಾಪಸ್ ಬಂದೆ. ಈ ಸಲ ಕೆಂಪು ಪೆನ್ನು ಬಿಟ್ಟು, ಅಣ್ಣನ ಸಾವು ಕಥೆಯಲ್ಲಿ ಏನೇನು ಕೆಲಸ ಮಾಡುತ್ತಿದೆ ಅಂತ ಒಂದೊಂದಾಗಿ ಬರೆದುಕೊಂಡೆ. ಆಮೇಲೆ ಕಾದಂಬರಿಯನ್ನು ಮತ್ತೆ ಮೊದಲಿಂದ ಓದಿದೆ. ಎಲ್ಲೋ ನಡುವೆ ಒಂದೇ ಸಾಲಿನಲ್ಲಿ ಜನರ ನೆರಳು ಕದಿಯುವ ಮುದುಕಿಯೊಬ್ಬಳು ಬಂದು ಹೋಗುತ್ತಾಳೆ. ಅವಳನ್ನು ಮೊದಲ ಎಪಿಸೋಡಿಗೆ ಎಳೆದುಕೊಂಡು ಬಂದೆ. ನೆರಳು ಹೋದವನಿಗೆ ತನ್ನವರ ನೆನಪೂ ಹೋಗುತ್ತದೆ ಅಂತ ಮಾಡಿದೆ. ಬೆಳಗ್ಗೆ ತಮ್ಮನಾದ ನಾಯಕ ರೊಟ್ಟಿ ಮುರಿದು ದಿನಾ ಕೊಡುವ ಹಾಗೆ ದೊಡ್ಡ ಚೂರನ್ನು ಅಣ್ಣನಿಗೆ ಚಾಚುತ್ತಾನೆ. ಅಣ್ಣ ಅದನ್ನು ತೆಗೆದುಕೊಳ್ಳುವುದಿಲ್ಲ. ಅವನ ಕಾಲ ಕೆಳಗಿನ ನೆಲ ಖಾಲಿ. "ನೀನ್ಯಾರು?" ಅನ್ನುತ್ತಾನೆ.

ನೋಟ್ಸಿನ ಒಂದು ನಿಯಮವನ್ನೂ ಮುರಿದಿರಲಿಲ್ಲ. ಮತ್ತೆ ಮಕ್ಕಳಿಗೆ ತೋರಿಸಿದೆವು. ಕುರ್ಚಿ ತಿರುಗಲಿಲ್ಲ, ಎಲ್ಲರೂ ಗಪ್‌ಚುಪ್. ಆದರೆ ಅಕ್ಕನ ಜೊತೆ ಬಂದಿದ್ದ ಐದು ವರ್ಷದ ಹುಡುಗನೊಬ್ಬ ಅಳಲು ಶುರು ಮಾಡಿದ. ಬಿಕ್ಕಿ ಬಿಕ್ಕಿ ಅತ್ತ, ಅಕ್ಕನ ಕೈ ಹಿಡಿದುಕೊಂಡು "ನಾನು ಗೊತ್ತಲ್ವಾ ನಿಂಗೆ?" ಅಂತ ಕೇಳುತ್ತಾ. ನನಗೆ ಎದೆ ಝಲ್ ಅಂದಿತು. ಒಂದು ಹನಿ ರಕ್ತ ಇಲ್ಲದ ಸೀನು, ಕತ್ತಿ ಬೀಸಿದ್ದಕ್ಕಿಂತ ಜಾಸ್ತಿ ಹೆದರಿಸಿತ್ತು. ನಮ್ಮ ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

ಸಾವೇ ಬೇಡ ಅನ್ನುವವಳು ನಾನಲ್ಲ. ಪುಣ್ಯಕೋಟಿಯ ಹಾಡಿನಲ್ಲಿ ಹುಲಿ ಪ್ರಾಣ ಬಿಡುತ್ತದೆ, ಅದನ್ನು ನಾವೆಲ್ಲ ಪುಟ್ಟ ಮಕ್ಕಳಿದ್ದಾಗಲೇ ಹಾಡಿದ್ದೇವೆ, ಅತ್ತಿದ್ದೇವೆ. ಆದರೆ ಅಲ್ಲಿ ಮಗು ಒಂಟಿಯಲ್ಲ. ಹಸು ದೊಡ್ಡಿಗೆ ಮರಳುತ್ತದೆ, ಕರುವಿಗೆ ತಾಯಿ ಸಿಗುತ್ತಾಳೆ. ನನ್ನ ಸೀನಿನಲ್ಲಿ ತಮ್ಮನನ್ನು ಖಾಲಿ ಫ್ರೇಮಿನಲ್ಲಿ ಒಬ್ಬನೇ ಬಿಟ್ಟಿದ್ದೆ, ಅದೂ ಐದು ಸೆಕೆಂಡ್.

ಸರಿಮಾಡಲು ಎರಡು ದಿನ ಹಿಡಿಯಿತು. ಸೀನಿಯರ್ ಮೊದಲು ಹೇಳಿದ್ದು ಕೊನೆಯಲ್ಲಿ ಒಂದು ನೀತಿಮಾತು ಹಾಕೋಣ ಅಂತ. 1983ರ ಹೀ-ಮ್ಯಾನ್ ಕಾರ್ಟೂನಿನಲ್ಲಿ ಪ್ರತಿ ಎಪಿಸೋಡಿನ ಕೊನೆಗೆ ಹಾಗೆ ಹಾಕುತ್ತಿದ್ದರು. ನಾನು ಒಪ್ಪಲಿಲ್ಲ. ಹೆದರಿದ ಮಗುವಿಗೆ ಇಪ್ಪತ್ತು ನಿಮಿಷ ಬಿಟ್ಟು ಬುದ್ಧಿಮಾತು ಹೇಳಿದರೆ ಏನು ಉಪಯೋಗ? ಧೈರ್ಯ ಅದೇ ಸೀನಿನಲ್ಲಿ ಬರಬೇಕು. ಐದು ಸೆಕೆಂಡಿನ ಶಾಟನ್ನು ಎರಡಕ್ಕೆ ಇಳಿಸಿದೆ. ಅಜ್ಜಿಯ ಕೈ ಫ್ರೇಮಿನೊಳಗೆ ಬಂದು ತಮ್ಮನ ಹೆಗಲ ಮೇಲೆ ಕೂರುವ ಒಂದು ಪ್ಯಾನೆಲ್ ಸೇರಿಸಿದೆ. ಮುಂದಿನ ಶಾಟಿನಲ್ಲಿ, ಅಣ್ಣ ಎದ್ದು ಹೋದ ಮೇಲೆ, ರೊಟ್ಟಿಯ ದೊಡ್ಡ ಚೂರನ್ನು ಹುಡುಗ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಮಾತಿಲ್ಲ. "ಚೀಲದ ದಾರ ಬಿಗಿಯುವ ಸದ್ದು ಮಾತ್ರ ಇರಲಿ" ಅಂತ ಪ್ಯಾನೆಲ್ ಪಕ್ಕ ಬರೆದು ಕಳಿಸಿದೆ. ಕ್ಲೈಂಟ್ ಇಡೀ ಎಪಿಸೋಡಿಗೆ ಹದಿನೇಳು ತಿದ್ದುಪಡಿ ಹೇಳಿದರು. ಈ ಸೀನಿನ ಎದುರಿಗೆ ಏನೂ ಬರೆದಿರಲಿಲ್ಲ.